ಉಕ್ಕಿನ ಕುಲುಮೆಯಲ್ಲಿ ಇದ್ದಲು ಮತ್ತು ಕಲ್ಲಿದ್ದಲುಗಳ ಮಿಶ್ರಣ

1. ಪ್ರಸ್ತಾವ

ಕೆಲವು ವರ್ಷಗಳ ಹಿಂದೆ ರಸಶಾಸ್ತ್ರದ ಪರಿಭಾಷಾಪ್ರಕರಣವನ್ನು ಪಾಠ ಹೇಳುತ್ತಿದ್ದಾಗ, ವಾಗ್ಭಟಕೃತವೆಂದು ಪ್ರಸಿದ್ಧವಾದ 'ರಸರತ್ನಸಮುಚ್ಚಯ'ದಲ್ಲಿ ಒಂದು ಬಗೆಯ ಇದ್ದಲಿಗೆ 'ಕೋಕಿಲ'ವೆಂಬ ಹೆಸರಿರುವುದನ್ನು ಕಂಡ ವಿದ್ಯಾರ್ಥಿಯೊಬ್ಬನು, "ಗುರುಗಳೆ, ಉಕ್ಕಿನ ಕಾರ್ಖಾನೆಯಲ್ಲಿ ಉರಿಸುವ ಕೋಕು ಎಂಬುದು ಈ ಕೋಕಿಲವೇ ಅಲ್ಲವೆ?" ಎಂದು ಕೇಳಿದನು. ಶಬ್ದಸಾಮ್ಯವು ಮನೋಹರವಾದುದೇ ಸರಿ, ಆದರೆ ನಿಜವಲ್ಲ. ಕೋಕು ಎಂಬುದು ಇಂಗ್ಲೆಂಡಿನ ಉತ್ತರಪ್ರಾಂತದ ಆಡುಮಾತಿನಿಂದ ಬಂದ ಪದ. ನಮ್ಮ ಕೋಕಿಲಕ್ಕೆ ಆ ಹೆಸರು ಕೋಗಿಲೆಯ ಕಪ್ಪು ಬಣ್ಣದ ಸಾದೃಶ್ಯದಿಂದ ಬಂದಿರಬಹುದು. ಇವೆರಡಕ್ಕೂ ವಂಶಸಂಬಂಧವಿಲ್ಲವೆಂದು ಹೇಳಿ ಅಂದಿನ ಪಾಠವನ್ನು ಮುಗಿಸಿದೆನು.

ಶಬ್ದದ ಪ್ರಶ್ನೆ ಅಲ್ಲಿಗೆ ತೀರಿತು. ವಸ್ತುವಿನ ಪ್ರಶ್ನೆ ಉಳಿಯಿತು. ಕಾಡಿನ ಮರದಿಂದ ಹುಟ್ಟಿದ ಇದ್ದಲು, ಭೂಗರ್ಭದಿಂದ ತೆಗೆದ ಕಲ್ಲಿದ್ದಲು, ಆ ಕಲ್ಲಿದ್ದಲನ್ನು ಗಾಳಿಯಿಲ್ಲದ ಗೂಡಿನಲ್ಲಿ ಕಾಯಿಸಿ ಪಡೆದ ಕೋಕು, ಈ ಮೂರೂ ಇಂಗಾಲವೇ ಆಗಿರುವಾಗ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಬಹುದೆ? ಇಡಬಾರದಾದರೆ ಬೆರೆಸಿಯಾದರೂ ಬಳಸಬಹುದೆ? ಉಕ್ಕಿನ ಉದ್ಯಮದಿಂದ ವಾಯುಮಂಡಲಕ್ಕೆ ಸೇರುತ್ತಿರುವ ಇಂಗಾಲದ ಡೈಆಕ್ಸೈಡನ್ನು ತಗ್ಗಿಸಬೇಕೆಂಬ ಚಿಂತೆ ಈಗ ಎಲ್ಲೆಡೆಯೂ ಪ್ರಬಲವಾಗಿರುವುದರಿಂದ, ಕಲ್ಲಿದ್ದಲಿನೊಡನೆ ಇದ್ದಲನ್ನು ಬೆರೆಸುವ ವಿಚಾರವು ಹೊಸದಾಗಿ ತಲೆಯೆತ್ತಿದೆ. ನಮ್ಮ ನಾಡಿನ ಭದ್ರಾವತಿಯ ಚರಿತ್ರೆಗೂ ಇದಕ್ಕೂ ನೇರವಾದ ಸಂಬಂಧವುಂಟು. ಆದಕಾರಣ ಈ ವಿಷಯವನ್ನು ಮೂಲದಿಂದ ವಿಚಾರಿಸುವುದು ಉಚಿತವೆಂದು ತೋರಿತು. ಲೋಹಶಾಸ್ತ್ರಜ್ಞರಿಗೆ ಇಲ್ಲಿ ಹೊಸದೇನೂ ದೊರೆಯದು. ಕನ್ನಡ ಸಂಸ್ಕೃತಗಳ ಅಧ್ಯಾಪಕರಿಗೆ ಉಪಯೋಗವಾದೀತೆಂಬುದೇ ಲೇಖಕನ ಆಶಯ.

2. ಪದವಿಚಾರ

ಸಂಸ್ಕೃತದ 'ಅಂಗಾರ' ಶಬ್ದವು ಪ್ರಾಕೃತದಲ್ಲಿ 'ಇಂಗಾಲ'ವಾಗಿ, ಅಲ್ಲಿಂದ ಕನ್ನಡಕ್ಕೆ ಬಂದಿತು. ಇಂದಿನ ರಸಾಯನಶಾಸ್ತ್ರದ ಪಾಠಗಳಲ್ಲಿ ಮೂಲವಸ್ತುವಿಗೆ ಈ ತದ್ಭವವೇ ಸಲ್ಲುತ್ತದೆ. 'ಇದ್ದಲು' ದೇಶ್ಯಪದ, ಕೆಲವು ಸೀಮೆಗಳಲ್ಲಿ ಇಜ್ಜಲೆಂದೂ ಹೇಳುವುದುಂಟು. 'ಕಲ್ಲಿದ್ದಲು' ಎಂಬುದು ಕಲ್ಲಿನಂತೆ ಗಟ್ಟಿಯಾದ, ನೆಲದಿಂದ ಅಗೆದು ತೆಗೆದ ಇದ್ದಲೆಂಬ ಅರ್ಥದಲ್ಲಿ ನಮ್ಮವರು ಕಟ್ಟಿಕೊಂಡ ಸಮಾಸ. ಪರಿಚಿತವಾದ ಮರದ ಇದ್ದಲನ್ನು ಮಾದರಿಯಾಗಿಟ್ಟುಕೊಂಡು ಅಪರಿಚಿತವಾದುದನ್ನು ಹೆಸರಿಸಿದ್ದಾರೆ. ಕುಲುಮೆಯ ಚರಿತ್ರೆಯಲ್ಲಿಯೂ ಕ್ರಮ ಇದೇ: ಮೊದಲು ಇದ್ದಲು, ಆಮೇಲೆ ಕಲ್ಲಿದ್ದಲು.

'ಉಕ್ಕು' ಎಂಬ ನಮ್ಮ ಪದವು ಪಾಶ್ಚಾತ್ಯರಲ್ಲಿ 'ವೂಟ್ಸ್' ಎಂದು ರೂಪಾಂತರ ಹೊಂದಿತೆಂಬುದು ಬಹುಜನ ಒಪ್ಪಿದ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಆ ಹೆಸರಿನಿಂದಲೇ ಈ ಉಕ್ಕಿನ ಪರೀಕ್ಷೆಯನ್ನು ಪ್ರಕಟಿಸಿದನು.

ರಸರತ್ನಸಮುಚ್ಚಯದ ಪರಿಭಾಷೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀರು ಸುರಿಯದೆ ತಾನಾಗಿ ಆರಿದ ಇದ್ದಲಿಗೆ ಅಲ್ಲಿ ಕೋಕಿಲವೆಂಬ ಹೆಸರು. ಆರಿಸಿದ ರೀತಿಯನ್ನೂ ಹೆಸರಿನಲ್ಲಿ ಗುರುತಿಸಿರುವುದು ಅನುಭವಿಗಳ ಲಕ್ಷಣ. ಇಂದಿನ ಕೋಕಿನ ಗೂಡುಗಳಲ್ಲಿಯೂ ಕೆಂಪಗೆ ಕಾದ ಕೋಕನ್ನು ನೀರಿನಿಂದ ಆರಿಸುವುದೊಂದು ಕ್ರಮ, ನೀರಿಲ್ಲದೆ ಜಡವಾಯುವಿನಿಂದ ಆರಿಸುವುದು ಇನ್ನೊಂದು ಕ್ರಮ. ಎರಡನೆಯದರಲ್ಲಿ ಕೋಕು ಹೆಚ್ಚು ಗಟ್ಟಿಯಾಗಿ, ತೇವವಿಲ್ಲದೆ ದೊರೆಯುತ್ತದೆ. ಅದರ ಶಾಖವನ್ನೂ ಮತ್ತೆ ಬಳಸಿಕೊಳ್ಳಬಹುದು. ಕೋಕಿಗೂ ಕೋಕಿಲಕ್ಕೂ ಶಬ್ದದಲ್ಲಿಲ್ಲದ ನಂಟು ಈ ಒಂದು ಆಚಾರದಲ್ಲಿದೆ.

3. ಇಂಧನದ ನಾಲ್ಕು ಕಾರ್ಯಗಳು

ಉಕ್ಕಿನ ಕುಲುಮೆಯೆಂದು ಇಲ್ಲಿ ವಿಶಾಲಾರ್ಥದಲ್ಲಿ ಹೇಳಿದೆ. ಅದಿರಿನಿಂದ ಬೀಡುಕಬ್ಬಿಣವನ್ನು ಇಳಿಸುವುದು ಊದುಕುಲುಮೆ. ಆ ಕಬ್ಬಿಣದಲ್ಲಿರುವ ನೂರಕ್ಕೆ ಸುಮಾರು 4 ಭಾಗ ಇಂಗಾಲವನ್ನು ತಗ್ಗಿಸಿ ಉಕ್ಕು ಮಾಡುವುದು ಮುಂದಿನ ಕುಲುಮೆ. ಇಂಧನದ ಭಾರವೆಲ್ಲ ಮುಖ್ಯವಾಗಿ ಮೊದಲನೆಯದರ ಮೇಲೆ ಬೀಳುವುದರಿಂದ ಪ್ರಕೃತ ವಿಚಾರವೂ ಅದನ್ನೇ ಕುರಿತದ್ದು.

'ಇಂಧನ'ವೆಂದರೆ ಉರಿಯನ್ನು ಹೊತ್ತಿಸುವ ವಸ್ತುವೆಂದು ನಾವು ಅರ್ಥ ಹೇಳುತ್ತೇವೆ. ಧಾತ್ವರ್ಥಕ್ಕೆ ಅದು ಸರಿ, ಒಲೆಗೂ ಸರಿ. ಊದುಕುಲುಮೆಗೆ ಸಾಲದು. ಅಲ್ಲಿ ಇಂಧನವು ನಾಲ್ಕು ಕಾರ್ಯಗಳನ್ನು ಏಕಕಾಲದಲ್ಲಿ ಮಾಡಬೇಕು.

ಮೊದಲನೆಯದು ತಾಪನ. ಕುಲುಮೆಯ ಕೆಳಭಾಗದಲ್ಲಿರುವ ಊದುಗೊಳವೆಗಳಿಂದ ಕಾದ ಗಾಳಿ ನುಗ್ಗಿದಾಗ ಇಂಗಾಲವು ಉರಿದು, ಅಲ್ಲಿ 2000 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಶಾಖ ಹುಟ್ಟುತ್ತದೆ.

ಎರಡನೆಯದು ಹರಣ. ಅದಿರು ಎಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿದ ವಸ್ತು. ಆ ಆಮ್ಲಜನಕವನ್ನು ಕಿತ್ತುಕೊಳ್ಳದೆ ಕೇವಲ ಕಾಯಿಸಿದರೆ ಕಬ್ಬಿಣ ಬಾರದು. ಉರಿಯಿಂದ ಮೊದಲು ಹುಟ್ಟಿದ ಇಂಗಾಲದ ಡೈಆಕ್ಸೈಡು ಮತ್ತೆ ಕೆಂಡದ ನಡುವೆ ಹಾದು ಇಂಗಾಲದ ಮಾನಾಕ್ಸೈಡಾಗುತ್ತದೆ. ಈ ವಾಯು ಮೇಲೇರುತ್ತ ಅದಿರಿನ ಆಮ್ಲಜನಕವನ್ನು ಸೆಳೆದುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಉರಿಯುವುದಕ್ಕಿಂತ ಈ ಕೆಲಸವೇ ಇಂಧನದ ಪ್ರಧಾನಕಾರ್ಯವೆಂದರೂ ತಪ್ಪಲ್ಲ.

ಮೂರನೆಯದು ಧಾರಣ. ಎತ್ತರವಾದ ಕುಲುಮೆಯಲ್ಲಿ ಅದಿರು, ಸುಣ್ಣಕಲ್ಲು, ಇಂಧನಗಳು ಪದರಪದರವಾಗಿ ಮೇಲಿಂದ ಇಳಿಯುತ್ತವೆ. ಕೆಳಗೆ ಬಂದಂತೆ ಅದಿರು ಮೆತ್ತಗಾಗಿ ಕರಗುತ್ತದೆ, ಸುಣ್ಣಕಲ್ಲು ಕಿಟ್ಟದಲ್ಲಿ ಸೇರುತ್ತದೆ; ಘನವಾಗಿ ಉಳಿಯುವುದು ಇಂಧನವೊಂದೇ. ಮೇಲಿನ ಭಾರವನ್ನೆಲ್ಲ ಹೊತ್ತು, ತನ್ನ ಸಂದುಗಳಲ್ಲಿ ವಾಯುವಿಗೆ ಮೇಲಕ್ಕೂ ಕರಗಿದ ಲೋಹಕ್ಕೆ ಕೆಳಕ್ಕೂ ದಾರಿ ಬಿಡಬೇಕಾದದ್ದು ಅದೇ. ಅದು ಪುಡಿಯಾದರೆ ಕುಲುಮೆಯ ಉಸಿರು ಕಟ್ಟುತ್ತದೆ.

ನಾಲ್ಕನೆಯದು ಆಧಾನ, ಎಂದರೆ ಲೋಹದೊಳಕ್ಕೆ ಇಂಗಾಲವನ್ನು ಸೇರಿಸುವುದು. ಶುದ್ಧವಾದ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಇಂಗಾಲ ಸೇರಿದರೆ ಸುಮಾರು 1150 ಡಿಗ್ರಿಯಲ್ಲಿಯೇ ಕರಗುವಂತಾಗುತ್ತದೆ. ಇಂಗಾಲದೊಡನೆ ಇಂಧನದಲ್ಲಿರುವ ದೋಷಗಳೂ ಲೋಹಕ್ಕೆ ಅಂಟುವುದು ಈ ಹಂತದಲ್ಲಿಯೇ.

4. ಎರಡರ ಗುಣದೋಷಗಳು

ಈ ನಾಲ್ಕು ಕಾರ್ಯಗಳನ್ನು ಒರೆಗಲ್ಲಾಗಿ ಇಟ್ಟುಕೊಂಡರೆ ಇದ್ದಲು ಕೋಕುಗಳ ತಾರತಮ್ಯ ಸ್ಪಷ್ಟವಾಗುತ್ತದೆ.

ಒಳ್ಳೆಯ ಇದ್ದಲಿನಲ್ಲಿ ಬೂದಿ ನೂರಕ್ಕೆ ಕೆಲವೇ ಭಾಗ. ಗಂಧಕವು ಬಹುಮಟ್ಟಿಗೆ ಇಲ್ಲವೆಂದೇ ಹೇಳಬಹುದು. ಕೋಕಿನಲ್ಲಿ ಬೂದಿ ಸಾಮಾನ್ಯವಾಗಿ ನೂರಕ್ಕೆ 10ಕ್ಕೂ ಮೇಲು. ನಮ್ಮ ದೇಶದ ಕಲ್ಲಿದ್ದಲಿನಿಂದ ಮಾಡಿದ ಕೋಕಿನಲ್ಲಿ ಇನ್ನೂ ಹೆಚ್ಚು. ಗಂಧಕವೂ ನೂರಕ್ಕೆ ಅರ್ಧಭಾಗದಷ್ಟಿರುತ್ತದೆ. ಗಂಧಕ ಸೇರಿದ ಕಬ್ಬಿಣವು ಕೆಂಪಗೆ ಕಾದಾಗ ಬಡಿದರೆ ಬಿರಿಯುತ್ತದೆ. ಅದನ್ನು ತೆಗೆಯಲು ಸುಣ್ಣಕಲ್ಲು ಹೆಚ್ಚಬೇಕು, ಸುಣ್ಣ ಹೆಚ್ಚಿದರೆ ಕಿಟ್ಟ ಹೆಚ್ಚುತ್ತದೆ, ಕಿಟ್ಟವನ್ನು ಕರಗಿಸಲು ಇಂಧನ ಹೆಚ್ಚಬೇಕು. ಹೀಗೆ ಒಂದು ದೋಷವು ಮೂರು ವೆಚ್ಚಗಳನ್ನು ತರುತ್ತದೆ. ಆಧಾನದಲ್ಲಿ ಇದ್ದಲೇ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದ್ದಲು ಸರ್ವಥಾ ನಿರ್ದೋಷವೆಂದೂ ತಿಳಿಯಬಾರದು. ಮರದ, ವಿಶೇಷವಾಗಿ ತೊಗಟೆಯ, ಬೂದಿಯಲ್ಲಿ ರಂಜಕವಿರುತ್ತದೆ. ಊದುಕುಲುಮೆಯಲ್ಲಿ ಅದು ಕಿಟ್ಟಕ್ಕೆ ಹೋಗದೆ ಕಬ್ಬಿಣದಲ್ಲಿಯೇ ನಿಲ್ಲುತ್ತದೆ.

ಹರಣದಲ್ಲಿ ಇದ್ದಲು ಚುರುಕು. ಅದರ ಮೈಯೆಲ್ಲ ಸೂಕ್ಷ್ಮರಂಧ್ರಗಳು. ಆದಕಾರಣ ಕೋಕಿಗಿಂತ ಕಡಿಮೆ ಶಾಖದಲ್ಲಿಯೇ ಡೈಆಕ್ಸೈಡನ್ನು ಮಾನಾಕ್ಸೈಡಾಗಿ ಮಾರ್ಪಡಿಸುತ್ತದೆ. ಈ ಚುರುಕುತನವೇ ಧಾರಣಕ್ಕೆ ಶತ್ರು. ಬೇಗ ವಾಯುವಾಗುವ ವಸ್ತು ಬೇಗ ಸವೆಯುತ್ತದೆ. ಒಂದು ಘನಮೀಟರಿನಷ್ಟು ಇದ್ದಲಿನ ತೂಕ ಸುಮಾರು 200ರಿಂದ 300 ಕಿಲೋಗ್ರಾಂ, ಕೋಕಿನದು ಸುಮಾರು 500. ಹಗುರವೂ ಪೆಳಸೂ ಆದ ಇದ್ದಲು ಎತ್ತರವಾದ ಕುಲುಮೆಯ ಭಾರವನ್ನು ಹೊರಲಾರದು. ಇದ್ದಲಿನ ಕುಲುಮೆಗಳು ಎಂದಿಗೂ ಚಿಕ್ಕವಾಗಿಯೇ ಉಳಿದು, ಕೋಕಿನ ಕುಲುಮೆಗಳು ನಾಲ್ಕೈದು ಸಾವಿರ ಘನಮೀಟರಿನ ಗಾತ್ರಕ್ಕೆ ಬೆಳೆದದ್ದು ಈ ಕಾರಣದಿಂದ.

5. ಚರಿತ್ರೆಯ ಸಾಕ್ಷ್ಯ

ನಮ್ಮ ಪೂರ್ವಿಕರು ಉಕ್ಕನ್ನು ಮೂಸೆಯಲ್ಲಿ ಮಾಡುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಆ ಕ್ರಮವನ್ನು ವರ್ಣಿಸಿದ್ದಾನೆ. ಕಬ್ಬಿಣದ ತುಂಡಿನೊಡನೆ ತಂಗಡಿಯ ಒಣಕಡ್ಡಿಯನ್ನೂ ಹಸಿರೆಲೆಯನ್ನೂ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ, ಹೊರಗಿನಿಂದ ಇದ್ದಲಿನ ಬೆಂಕಿಯಲ್ಲಿ ತಿದಿಯೊತ್ತಿ ಕಾಯಿಸುತ್ತಿದ್ದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಾಪನಕ್ಕೆ ಮೂಸೆಯ ಹೊರಗಿನ ಇದ್ದಲು, ಆಧಾನಕ್ಕೆ ಒಳಗಿನ ತಂಗಡಿ. ಎರಡು ಕಾರ್ಯಗಳಿಗೆ ಎರಡು ದ್ರವ್ಯಗಳು. ಕಾರ್ಯಗಳನ್ನು ಬಿಡಿಸಿದಾಗ ದ್ರವ್ಯಗಳನ್ನೂ ಬಿಡಿಸಬಹುದೆಂಬ ತತ್ತ್ವವು ಆ ಚಿಕ್ಕ ಮೂಸೆಯಲ್ಲಿಯೇ ಅಡಗಿತ್ತು.

ಯೂರೋಪಿನಲ್ಲಿಯೂ ಇದೇ ತತ್ತ್ವ ಕಾಣುತ್ತದೆ. ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲಿನಲ್ಲಿ ಏಬ್ರಹಾಂ ಡಾರ್ಬಿಯು 1709ರಲ್ಲಿ ಕೋಕಿನಿಂದ ಅದಿರನ್ನು ಕರಗಿಸಿದನು. ಅವನಿಗೆ ಅಲ್ಲಿ ಗಂಧಕ ಕಡಿಮೆಯಾದ ಕಲ್ಲಿದ್ದಲು ದೊರೆತದ್ದು ಭಾಗ್ಯವೇ ಸರಿ. ಆ ಕಬ್ಬಿಣವು ಎರಕದ ಪಾತ್ರೆಗಳಿಗೆ ಒಗ್ಗಿತು. ಬಡಿದು ಮಾಡುವ ಕಬ್ಬಿಣಕ್ಕೆ ಬಹುಕಾಲ ಇದ್ದಲೇ ಬೇಕಾಯಿತು. 1784ರಲ್ಲಿ ಹೆನ್ರಿ ಕಾರ್ಟನು ಕಲ್ಲಿದ್ದಲನ್ನು ಬೇರೊಂದು ಕೋಣೆಯಲ್ಲಿ ಉರಿಸಿ, ಅದರ ಜ್ವಾಲೆಯನ್ನು ಮಾತ್ರ ಲೋಹದ ಮೇಲೆ ಹಾಯಿಸಿದನು. ದೋಷವುಳ್ಳ ಇಂಧನವು ಲೋಹವನ್ನು ಮುಟ್ಟದೆ ತಾಪನವನ್ನು ಮಾತ್ರ ಮಾಡಿತು.

ನಮ್ಮ ಕಡೆ 1830ರ ಸುಮಾರಿಗೆ ತಮಿಳುನಾಡಿನ ಕರಾವಳಿಯ ಪರಂಗಿಪೇಟೆಯಲ್ಲಿ ಜೋಸಾಯಾ ಮಾರ್ಷಲ್ ಹೀತ್ ಎಂಬಾತನು ಸೇಲಂ ಸೀಮೆಯ ಅದಿರನ್ನು ತರಿಸಿ ಇದ್ದಲಿನಿಂದ ಕಬ್ಬಿಣ ಇಳಿಸಲಾರಂಭಿಸಿದನು. ಆ ಕಾರ್ಖಾನೆಯನ್ನು ಕಾಡಿದ ಕಷ್ಟಗಳಲ್ಲಿ ಇದ್ದಲಿನ ಅಭಾವವೂ ಒಂದು.

ಭದ್ರಾವತಿಯ ಕಥೆ ನಮಗೆ ಇನ್ನೂ ಹತ್ತಿರದ್ದು. ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಆ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸವನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು ಸಮೀಪದಲ್ಲಿತ್ತು, ಭದ್ರೆಯ ನೀರಿತ್ತು, ಮಲೆನಾಡಿನ ಕಾಡಿತ್ತು. ಇಲ್ಲದಿದ್ದುದು ಕಲ್ಲಿದ್ದಲೊಂದೇ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ, ಕೋಕಿಗೆ ಯೋಗ್ಯವಾದುದು ಬರಬೇಕಾದರೆ ದೂರದ ಝರಿಯಾದಂತಹ ಸ್ಥಳಗಳಿಂದ ಬರಬೇಕು. ಆದ್ದರಿಂದ ಅಲ್ಲಿ ಇದ್ದಲಿನ ಊದುಕುಲುಮೆಯನ್ನೇ ಕಟ್ಟಿದರು. ಸೌದೆಯನ್ನು ಬಯಲಿನಲ್ಲಿ ಸುಟ್ಟು ಹೊಗೆಯನ್ನು ವ್ಯರ್ಥಮಾಡದೆ, ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಇದ್ದಲಿನೊಡನೆ ಮರದ ಮದ್ಯಸಾರ, ಡಾಂಬರು, ಸುಣ್ಣದ ಅಸಿಟೇಟು ಮೊದಲಾದವನ್ನೂ ಪಡೆಯುವ ಯಂತ್ರಾಗಾರವನ್ನು ಜೊತೆಯಲ್ಲಿಯೇ ಸ್ಥಾಪಿಸಿದರು.

1952ರಲ್ಲಿ ಅಲ್ಲಿ ವಿದ್ಯುತ್ತಿನಿಂದ ಬೀಡುಕಬ್ಬಿಣ ಇಳಿಸುವ ಕುಲುಮೆಗಳು ಬಂದವು. ಇದು ಪ್ರಕೃತ ವಿಚಾರಕ್ಕೆ ಉತ್ತಮವಾದ ಉದಾಹರಣೆ. ವಿದ್ಯುತ್ಕುಲುಮೆಯಲ್ಲಿ ತಾಪನಕಾರ್ಯವನ್ನು ವಿದ್ಯುತ್ತು ವಹಿಸಿಕೊಳ್ಳುತ್ತದೆ. ಇಂಗಾಲಕ್ಕೆ ಉಳಿಯುವುದು ಮುಖ್ಯವಾಗಿ ಹರಣ ಮತ್ತು ಆಧಾನ. ಕುಲುಮೆಯ ಎತ್ತರವೂ ಕಡಿಮೆಯಾದ್ದರಿಂದ ಧಾರಣದ ಹೊರೆ ಇಳಿಯುತ್ತದೆ. ಟನ್ನೊಂದಕ್ಕೆ ಬೇಕಾದ ಇಂಗಾಲವು ಸುಮಾರು ಅರ್ಧಕ್ಕೆ ಇಳಿಯುವುದು ಇದರ ಫಲ.

6. ಪ್ರತಿನಿಧಿನ್ಯಾಯ ಮತ್ತು ಮಿಶ್ರಣದ ಮೂರು ಮಾರ್ಗಗಳು

ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿಯ ವಿಚಾರ ಬರುತ್ತದೆ. ಯಾಗಕ್ಕೆ ವಿಹಿತವಾದ ವ್ರೀಹಿ ದೊರೆಯದಿದ್ದರೆ ನೀವಾರವನ್ನು ಬಳಸಬಹುದು; ಅದರಲ್ಲಿ ವ್ರೀಹಿಯ ಅವಯವಸಾದೃಶ್ಯವುಂಟು. ಆದರೆ ದೇವತೆ, ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಪ್ರತಿನಿಧಿಯಿಲ್ಲ. ಬದಲಿ ವಸ್ತುವು ಹೋಲುತ್ತದೆಯೆ ಎಂಬುದಕ್ಕಿಂತ, ಯಾವ ಕಾರ್ಯಕ್ಕೆ ಬದಲಿ ಎಂಬುದೇ ಅಲ್ಲಿಯ ಮುಖ್ಯ ಪ್ರಶ್ನೆ. ಕುಲುಮೆಯ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕು. ಇಂದು ಪ್ರಯೋಗದಲ್ಲಿರುವ ಮಿಶ್ರಣಗಳನ್ನು ಮೂರು ವಿಧವಾಗಿ ವಿಂಗಡಿಸಬಹುದು.

ಒಂದನೆಯ ಮಾರ್ಗವು ಗಟ್ಟಿಗಳ ಮಿಶ್ರಣ. ಕೋಕಿನ ಗಟ್ಟಿಗಳೊಡನೆ ಇದ್ದಲಿನ ಗಟ್ಟಿಗಳನ್ನು ಸೇರಿಸಿ ಕುಲುಮೆಯ ಬಾಯಿಂದ ಸುರಿಯುವುದು. ಚಿಕ್ಕ ಕುಲುಮೆಯಲ್ಲಿ ಇದು ಸಾಧ್ಯ. ದೊಡ್ಡ ಕುಲುಮೆಯಲ್ಲಿ ಇದ್ದಲು ನುಚ್ಚಾಗಿ ಸಂದುಗಳನ್ನು ಮುಚ್ಚುವುದರಿಂದ ಸ್ವಲ್ಪಕ್ಕೆ ಮಾತ್ರ ಅವಕಾಶ. ಅದಿರಿನ ಪದರದೊಳಗೆ ಕಿರುಗಾತ್ರದ ಇದ್ದಲನ್ನು ಬೆರೆಸಿದರೆ, ಅದು ತಾನೇ ಮೊದಲು ಸವೆದು ಕೋಕಿನ ಗಟ್ಟಿಗಳನ್ನು ಉಳಿಸುತ್ತದೆಂಬ ಒಂದು ಯುಕ್ತಿಯೂ ಉಂಟು. ಆಗ ಇದ್ದಲು ಹರಣಕ್ಕೆ ಪ್ರತಿನಿಧಿ, ಧಾರಣಕ್ಕೆ ಅಲ್ಲ.

ಎರಡನೆಯದು ಕೋಕಿನ ಗೂಡಿಗೆ ಹಾಕುವ ಮೊದಲೇ ಕಲ್ಲಿದ್ದಲಿನ ಪುಡಿಯೊಡನೆ ಇದ್ದಲಿನ ಪುಡಿಯನ್ನು ಬೆರೆಸುವುದು. ಕೋಕಿಗೆ ಯೋಗ್ಯವಾದ ಕಲ್ಲಿದ್ದಲು ಸುಮಾರು 350ರಿಂದ 500 ಡಿಗ್ರಿಗಳ ನಡುವೆ ಮೆತ್ತಗಾಗಿ, ಅಂಟಾಗಿ, ಉಬ್ಬಿ, ಅನಂತರ ಗಟ್ಟಿಯಾಗುತ್ತದೆ. ಈ ಅಂಟೇ ಕೋಕಿನ ಬಲದ ಮೂಲ. ಇದ್ದಲಿಗೆ ಈ ಗುಣವಿಲ್ಲ. ಅದು ತಾನು ಮೆತ್ತಗಾಗದೆ ನೆರೆಯ ಅಂಟನ್ನು ಹೀರಿಕೊಳ್ಳುತ್ತದೆ. ಹಿಟ್ಟಿಗೆ ಹೊಟ್ಟು ಬೆರೆಸಿದಂತೆ, ಸ್ವಲ್ಪವಾದರೆ ಸಹ್ಯ, ಹೆಚ್ಚಾದರೆ ರೊಟ್ಟಿಯೇ ಒಡೆಯುತ್ತದೆ. ಇದರ ಮೇಲೆ ಮರದ ಬೂದಿಯ ಕ್ಷಾರಗಳೂ ಸುಣ್ಣವೂ ಕೋಕಿನ ಸವೆತವನ್ನು ಚುರುಕುಗೊಳಿಸುತ್ತವೆ. ಆದಕಾರಣ ಪ್ರಯೋಗಕಾರರು ಸಾಮಾನ್ಯವಾಗಿ ನೂರಕ್ಕೆ ಕೆಲವು ಭಾಗಗಳ ಒಳಗೇ ನಿಲ್ಲುತ್ತಾರೆ.

ಮೂರನೆಯದು ಊದುಗೊಳವೆಯ ಮಾರ್ಗ. ಇಂದಿನ ದೊಡ್ಡ ಕುಲುಮೆಗಳಲ್ಲಿ ಕೋಕಿನ ಒಂದಂಶವನ್ನು ಉಳಿಸುವುದಕ್ಕಾಗಿ ಕಲ್ಲಿದ್ದಲಿನ ನಯವಾದ ಪುಡಿಯನ್ನು ಗಾಳಿಯೊಡನೆ ಕೆಳಗಿನಿಂದ ಊದುತ್ತಾರೆ. ಟನ್ ಕಬ್ಬಿಣಕ್ಕೆ 150ರಿಂದ 200 ಕಿಲೋಗ್ರಾಂ ಊದುವುದು ಸಾಮಾನ್ಯ. ಈ ಪುಡಿಗೆ ಭಾರ ಹೊರುವ ಕೆಲಸವಿಲ್ಲ; ಅದು ಉರಿಯಬೇಕು, ವಾಯುವಾಗಬೇಕು, ಅಷ್ಟೆ. ಇಲ್ಲಿ ಇದ್ದಲಿನ ಪೆಳಸುತನವು ದೋಷವಲ್ಲ, ಗುಣವೇ. ಸುಲಭವಾಗಿ ಪುಡಿಯಾಗುತ್ತದೆ, ಬೇಗ ಉರಿಯುತ್ತದೆ, ಗಂಧಕವನ್ನೂ ತರುವುದಿಲ್ಲ. ಬ್ರೆಜಿಲ್ ದೇಶದ ಮೀನಾಸ್ ಜೆರೈಸ್ ಪ್ರಾಂತದಲ್ಲಿ ಇಂದಿಗೂ ಇದ್ದಲಿನ ಚಿಕ್ಕ ಊದುಕುಲುಮೆಗಳಿದ್ದು, ಅಲ್ಲಿ ಇದ್ದಲಿನ ಪುಡಿಯನ್ನು ಹೀಗೆ ಊದುವ ರೂಢಿಯುಂಟು. ತೇವ ಹೀರುವಿಕೆ, ಹಗುರತೆ, ಕೂಡಿಟ್ಟಾಗ ತಾನಾಗಿ ಹೊತ್ತಿಕೊಳ್ಳುವ ಅಪಾಯ, ಇವು ಎಚ್ಚರ ವಹಿಸಬೇಕಾದ ಅಂಶಗಳು.

ಮೂರೂ ಮಾರ್ಗಗಳಿಂದ ಸಿದ್ಧವಾಗುವ ತಾತ್ಪರ್ಯ ಒಂದೇ. ತಾಪನ, ಹರಣ, ಆಧಾನಗಳಿಗೆ ಇದ್ದಲು ಕೋಕಿನ ಪ್ರತಿನಿಧಿಯಾಗಬಲ್ಲದು. ಕೆಲವೆಡೆ ಮೂಲಕ್ಕಿಂತ ಮೇಲೂ ಆಗಬಲ್ಲದು. ದೊಡ್ಡ ಕುಲುಮೆಯ ಧಾರಣಕ್ಕೆ ಮಾತ್ರ ಅದು ಪ್ರತಿನಿಧಿಯಲ್ಲ. ಹಾಗಾದ್ದರಿಂದ ಮಿಶ್ರಣವೆಂಬುದು ಒಂದರ ಕೊರತೆಯನ್ನು ಇನ್ನೊಂದರಿಂದ ಮುಚ್ಚುವ ಅರೆಮನಸ್ಸಿನ ಏರ್ಪಾಡಲ್ಲ. ಅಧಿಕಾರವನ್ನು ತಿಳಿದು ಮಾಡಿದ ಕಾರ್ಯವಿಭಾಗ.

7. ಕಾಡಿನ ಲೆಕ್ಕ

ಇಷ್ಟರಿಂದ ಇದ್ದಲೇ ನಿರ್ದೋಷವಾದ ಮಾರ್ಗವೆಂದು ತೀರ್ಮಾನಿಸಲಾಗದು. ಕಲ್ಲಿದ್ದಲಿನ ಇಂಗಾಲವು ಕೋಟ್ಯಂತರ ವರ್ಷ ನೆಲದಲ್ಲಿ ಹುದುಗಿದ್ದದ್ದು. ಉರಿದರೆ ವಾಯುಮಂಡಲಕ್ಕೆ ಹೊಸ ಹೊರೆ. ಮರದ ಇಂಗಾಲವು ನಿನ್ನೆ ಮೊನ್ನೆ ವಾಯುವಿನಿಂದಲೇ ಬಂದದ್ದು. ಕಡಿದ ಮರದ ಸ್ಥಾನದಲ್ಲಿ ಮರ ಬೆಳೆದರೆ ಸಾಲ ತೀರುತ್ತದೆ. ಬೆಳೆಯದಿದ್ದರೆ? ಆಗ ಸಾಲವೂ ಉಳಿಯಿತು, ಕಾಡೂ ಹೋಯಿತು.

ಊಹೆಗಾಗಿ ದಿನಕ್ಕೆ 50 ಟನ್ ಕಬ್ಬಿಣ ಇಳಿಸುವ ಒಂದು ಚಿಕ್ಕ ಇದ್ದಲಿನ ಕುಲುಮೆಯನ್ನು ತೆಗೆದುಕೊಳ್ಳೋಣ. ಟನ್ನೊಂದಕ್ಕೆ ಸುಮಾರು 4 ಟನ್ ಸೌದೆ ಬೇಕೆಂದರೆ ದಿನಕ್ಕೆ 200 ಟನ್, ವರ್ಷಕ್ಕೆ 73,000 ಟನ್. ಹೆಕ್ಟೇರಿಗೆ ವರ್ಷಕ್ಕೆ 10 ಟನ್ ಸೌದೆ ಕೊಡುವ ನೆಡುತೋಪೆಂದು ಭಾವಿಸಿದರೂ 7,300 ಹೆಕ್ಟೇರು ನೆಲವು ಆ ಒಂದು ಕುಲುಮೆಗೆ ಎಂದೆಂದಿಗೂ ಮೀಸಲಾಗಬೇಕು. ನಮ್ಮ ದೇಶವು 2023ರಲ್ಲಿ ತಯಾರಿಸಿದ ಉಕ್ಕು ಸುಮಾರು 14 ಕೋಟಿ ಟನ್. ಅದನ್ನೆಲ್ಲ ಇದ್ದಲಿನಿಂದ ಇಳಿಸುವೆವೆನ್ನುವವರಿಗೆ ಯಾವ ಮಲೆನಾಡೂ ಸಾಲದು. ಬ್ರೆಜಿಲಿನಲ್ಲಿ ನೀಲಗಿರಿ ಮರದ ನೆಡುತೋಪುಗಳನ್ನು ಬೆಳೆಸಿದ್ದಾರೆ. ಆದರೆ ಸಹಜಾರಣ್ಯವೂ ಇದ್ದಲಿಗಾಗಿ ಬಲಿಯಾದದ್ದು ಅಲ್ಲಿಯ ಚರಿತ್ರೆಯಲ್ಲಿ ಸೇರಿದೆ.

ಆದಕಾರಣ ಇದ್ದಲಿನ ಅಂಶವನ್ನು ನಿರ್ಧರಿಸತಕ್ಕದ್ದು ಕುಲುಮೆಯ ಶಕ್ತಿಯೊಂದೇ ಅಲ್ಲ; ಅದು ಹುಟ್ಟಿ ಬರುವ ನೆಲದ ಶಕ್ತಿಯೂ ಹೌದು. ತೆಂಗಿನ ಚಿಪ್ಪು, ಬೇಸಾಯದ ಉಳಿಕೆ, ಬಳ್ಳಾರಿ ಜಾಲಿಯಂತೆ ತಾನಾಗಿ ಹಬ್ಬಿ ಹೊಲಗಳನ್ನು ನುಂಗುವ ಗಿಡಗಳು, ಇವುಗಳಿಂದಲೂ ಇದ್ದಲು ಆಗುತ್ತದೆ. ಊದುಗೊಳವೆಯ ಮಾರ್ಗದಲ್ಲಿ ಗಟ್ಟಿಮರವೇ ಬೇಕೆಂಬ ನಿರ್ಬಂಧವಿಲ್ಲದಿರುವುದರಿಂದ ಇಂತಹವಕ್ಕೆ ಅಲ್ಲಿ ಸ್ಥಳವುಂಟು. ಅವುಗಳ ಬೂದಿಯ ಕ್ಷಾರವನ್ನೂ ರಂಜಕವನ್ನೂ ಮೊದಲು ಪರೀಕ್ಷಿಸಬೇಕು.

8. ಉಪಸಂಹಾರ

ಮೇಲೆ ವಿಚಾರಿಸಿದುದರ ಸಾರವಿಷ್ಟು. ಕುಲುಮೆಯ ಇಂಧನಕ್ಕೆ ನಾಲ್ಕು ಕಾರ್ಯಗಳು. ಇದ್ದಲು ಶುದ್ಧ, ಚುರುಕು, ಆದರೆ ದುರ್ಬಲ. ಕೋಕು ಬಲಿಷ್ಠ, ಆದರೆ ದೋಷಯುಕ್ತ. ಯಾವುದು ಯಾವ ಕಾರ್ಯಕ್ಕೆ ಅರ್ಹವೆಂದು ಬಿಡಿಸಿ ನೋಡಿ ಬೆರೆಸಿದ ಮಿಶ್ರಣ ಸಫಲವಾಗುತ್ತದೆ. ಇಂಗಾಲವೆಲ್ಲ ಒಂದೇ ಎಂದು ಬೆರೆಸಿದ್ದು ಕುಲುಮೆಯನ್ನು ಕೆಡಿಸುತ್ತದೆ. ಇವೆಲ್ಲಕ್ಕೂ ಮೇಲೆ, ಕಡಿದಷ್ಟು ಬೆಳೆಯುವ ಕಾಡು ಬೆನ್ನಿಗಿಲ್ಲದಿದ್ದರೆ ಇದ್ದಲಿನ ಶುದ್ಧಿಯೂ ಶುದ್ಧಿಯಲ್ಲ.

ಪಾಠದಲ್ಲಿ ಇಂಧನವೆಂಬ ಶಬ್ದ ಬಂದಾಗ ನಾನು ಈಗ ಉರಿಯುವ ವಸ್ತುವೆಂಬ ಅರ್ಥವನ್ನು ಹೇಳಿ ನಿಲ್ಲಿಸುವುದಿಲ್ಲ. ಕೋಕಿಲವನ್ನು ಕಂಡು ಕೋಕನ್ನು ನೆನೆದ ಆ ವಿದ್ಯಾರ್ಥಿಯ ವ್ಯುತ್ಪತ್ತಿ ತಪ್ಪಾಗಿತ್ತು. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬ ಅವನ ಬುದ್ಧಿ ಸರಿಯಾಗಿಯೇ ಇತ್ತು. ಅಂದು ಅರ್ಧ ಉತ್ತರವನ್ನು ಮಾತ್ರ ಕೊಟ್ಟಿದ್ದೆನು. ಉಳಿದರ್ಧವನ್ನು ಈ ಲೇಖನದಲ್ಲಿ ಒಪ್ಪಿಸಿದ್ದೇನೆ.